ಒಂದು ಮಗು ಶಾಲೆ ಬಿಟ್ಟರೆ 15 ಸಾವಿರ ಖೋತಾ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ಹೊಸ ಕಟ್ಟಡ ಬೇಕು ಎಂದು ಈ ಪತ್ರ ಬರೆಯುತ್ತಿಲ್ಲ. ಶಿಕ್ಷಕರನ್ನು ಕೊಡಿ ಎಂದೂ ಅಲ್ಲ. ಅದನ್ನು ಕೇಳುವವರು ನಿಮ್ಮ ಕಚೇರಿ ಮುಂದೆ ಸಾಲಾಗಿ ನಿಂತಿದ್ದಾರೆ, ಅವರ ಬೇಡಿಕೆ ನ್ಯಾಯವೂ ಆಗಿದೆ. ನಾನು ಕೇಳುತ್ತಿರುವುದು ಬಹಳ ಸಣ್ಣ ದುಡ್ಡಿನ ವಿಷಯ. ಒಂದು ಸರ್ಕಾರಿ ಶಾಲೆ ಇಡೀ ವರ್ಷದಲ್ಲಿ ತಾನೇ ತೀರ್ಮಾನ ಮಾಡಿ ಖರ್ಚು ಮಾಡಬಹುದಾದ ಹಣ. ಕೇಂದ್ರ, ರಾಜ್ಯ ಎರಡೂ ಹಣ ಹಾಕುವ ಸಮಗ್ರ ಶಿಕ್ಷಣ ಯೋಜನೆಯ ಕಾಗದದಲ್ಲಿ ಅದು ‘ಸಂಯುಕ್ತ ಶಾಲಾ ಅನುದಾನ’. ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಸುಮ್ನೆ ‘ಗ್ರಾಂಟು’.

ಶಾಲೆಗೆ ಸರ್ಕಾರ ಮಾಡುವ ಖರ್ಚಿನಲ್ಲಿ ಹೆಚ್ಚಿನದು ಶಾಲೆಯ ಕೈಗೆ ಬರುವುದೇ ಇಲ್ಲ. ಸಂಬಳ ಖಜಾನೆಯಿಂದ ನೇರವಾಗಿ ಶಿಕ್ಷಕರ ಖಾತೆಗೆ ಹೋಗುತ್ತದೆ. ಪಠ್ಯಪುಸ್ತಕ, ಸಮವಸ್ತ್ರದ ಬಟ್ಟೆ, ಬಿಸಿಯೂಟದ ಅಕ್ಕಿ, ಹಾಲಿನ ಪುಡಿ ವಸ್ತುಗಳಾಗಿಯೇ ಬರುತ್ತವೆ. ಕೊಠಡಿ ಕಟ್ಟುವ ಹಣ ಗುತ್ತಿಗೆದಾರರಿಗೆ. ಇದೆಲ್ಲ ಸರಿಯೇ, ಹೀಗೇ ಇರಬೇಕು. ಆದರೆ ನಲ್ಲಿ ಮುರಿದರೆ, ಚಾಕ್‌ಪೀಸ್ ಮುಗಿದರೆ, ಶೌಚಾಲಯದ ಬಾಗಿಲಿನ ಚಿಲಕ ಕಿತ್ತು ಬಂದರೆ ಮುಖ್ಯ ಶಿಕ್ಷಕರು ನೋಡುವುದು ಈ ಗ್ರಾಂಟಿನ ಕಡೆಗೇ.

ಅದು ಎಷ್ಟಿದೆ ಅಂತ ನಿಮಗೆ ಗೊತ್ತಿರುತ್ತದೆ. ಓದುವ ಉಳಿದವರಿಗಾಗಿ ಹೇಳುತ್ತೇನೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100 ಮಕ್ಕಳಿದ್ದರೆ 25,000. 101ರಿಂದ 250ರವರೆಗೆ 50,000. 251ರಿಂದ 1,000ದವರೆಗೆ 75,000. ಅದರ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೇ ಬಳಸಬೇಕು.

ಈಗ ಒಂದು ಸಣ್ಣ ಶಾಲೆಯ ಲೆಕ್ಕ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. 10,000 ರೂಪಾಯಿಯನ್ನು 200 ದಿನಕ್ಕೆ ಹಂಚಿದರೆ ದಿನಕ್ಕೆ 50 ರೂಪಾಯಿ. ಅದರಲ್ಲಿ ಸ್ವಚ್ಛತೆಗೆ ಅಂತ ಕಡ್ಡಾಯ ಮಾಡಿರುವುದು 5 ರೂಪಾಯಿ. ಉಳಿದ 45 ರೂಪಾಯಿಯಲ್ಲಿ ರಿಜಿಸ್ಟರ್, ಚಾಕ್‌ಪೀಸ್, ಟ್ಯೂಬ್‌ಲೈಟ್, ನೀರಿನ ಫಿಲ್ಟರ್, ಒಡೆದ ಹೆಂಚು, ಆಗಸ್ಟ್ 15ರ ಸುಣ್ಣ ಬಣ್ಣ, ಕಲಿಕಾ ಸಾಮಗ್ರಿ, ಎಲ್ಲವೂ ಆಗಬೇಕು. ಮಳೆಗಾಲದಲ್ಲಿ ನಾಲ್ಕು ಹೆಂಚು ಹಾರಿ ಹೋದರೆ, ಛಾವಣಿ ಹತ್ತುವ ಆಳಿನ ಕೂಲಿಗೇ ಹಲವು ದಿನಗಳ ಗ್ರಾಂಟು ಖಾಲಿ.

ಮೊತ್ತ ಕಡಿಮೆ ಅನ್ನುವುದಕ್ಕಿಂತ ನನಗೆ ಜಾಸ್ತಿ ಕಾಡುವುದು ಆ ಮೆಟ್ಟಿಲುಗಳು. ಒಂದು ಶಾಲೆಯಲ್ಲಿ 31 ಮಕ್ಕಳಿದ್ದಾರೆ ಅಂದುಕೊಳ್ಳಿ. ಒಂದು ಕುಟುಂಬ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಯಿತು, ಒಂದು ಮಗುವಿನ ಟಿಸಿ ಹೋಯಿತು. ಮುಂದಿನ ವರ್ಷದ ಗ್ರಾಂಟು 25,000ದಿಂದ 10,000ಕ್ಕೆ ಇಳಿಯುತ್ತದೆ. ಒಂದು ಮಗುವಿಗೆ 15,000 ರೂಪಾಯಿ ಖೋತಾ. ಶಾಲೆಯ ಛಾವಣಿ ಅಷ್ಟೇ ಇದೆ, ಶೌಚಾಲಯ ಅಷ್ಟೇ ಇದೆ, ತೊಳೆಯಬೇಕಾದ ನೀರಿನ ಟ್ಯಾಂಕೂ ಅಷ್ಟೇ ಇದೆ. ಮಕ್ಕಳು ಕಡಿಮೆಯಾದರೆ ಛಾವಣಿ ಸೋರುವುದೂ ಕಡಿಮೆ ಆಗುತ್ತದಾ?

ಇನ್ನೊಂದು ತುದಿಗೆ ಹೋಗಿ. 251 ಮಕ್ಕಳ ಶಾಲೆಗೂ 75,000, ಸಾವಿರ ಮಕ್ಕಳ ಶಾಲೆಗೂ 75,000. ಮೊದಲನೆಯದರಲ್ಲಿ ಒಂದು ಮಗುವಿಗೆ ಸುಮಾರು 300 ರೂಪಾಯಿ, ಎರಡನೆಯದರಲ್ಲಿ 75. ಸಾವಿರ ಮಕ್ಕಳು ಬಳಸುವ ಶೌಚಾಲಯಕ್ಕೆ ನಾಲ್ಕು ಪಟ್ಟು ಫಿನಾಯಿಲ್ ಬೇಕು ಅಂತ ಈ ಪಟ್ಟಿ ಮಾಡಿದವರಿಗೆ ಹೊಳೆಯಲಿಲ್ಲವೋ ಏನೋ. ಮೇಲಿನ ಮೂರು ಮೆಟ್ಟಿಲಿನ ಮೊತ್ತವಂತೂ 2018ರಲ್ಲಿ ಯೋಜನೆ ಶುರುವಾದಾಗ ಎಷ್ಟಿತ್ತೋ ಅಷ್ಟೇ ಇದೆ. ಅಷ್ಟರಲ್ಲಿ ಬಣ್ಣದ ಡಬ್ಬಿಯ ಬೆಲೆ ಎಲ್ಲಿಗೆ ಹೋಯಿತು ಅಂತ ನಾನು ಹೇಳಬೇಕಾಗಿಲ್ಲ.

ಶೌಚಾಲಯದ ಮಾತು ಬಂತು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳೇ ಶೌಚಾಲಯ ತೊಳೆಯುವ ವಿಡಿಯೊ ಹೊರಬಂತು. ರಾಜ್ಯವೆಲ್ಲ ಸಿಟ್ಟಾಯಿತು, ಮುಖ್ಯ ಶಿಕ್ಷಕಿ ಅಮಾನತಾದರು. ಮಕ್ಕಳ ಕೈಗೆ ಪೊರಕೆ ಕೊಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಯಾವ ಮಕ್ಕಳ ಕೈಗೆ ಅದು ಹೋಗುತ್ತದೆ ಅನ್ನುವುದು ಇನ್ನೂ ಕೆಟ್ಟ ಕಥೆ. ಆದರೆ ಆ ವಾರ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಹೆಚ್ಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸ್ವಚ್ಛತೆಗೆ ಅಂತ ಒಂದು ಹುದ್ದೆಯೇ ಇಲ್ಲ. ಹೊರಗಿನವರನ್ನು ಕರೆಸಿದರೆ ಕೂಲಿ ಕೊಡಬೇಕು. ಆ ಕೂಲಿ ಯಾವ ಲೆಕ್ಕದಲ್ಲಿ ಬರೆಯಬೇಕು? ದಿನಕ್ಕೆ 5 ರೂಪಾಯಿಯ ಲೆಕ್ಕದಲ್ಲಾ? ಮಕ್ಕಳಿಂದ ತೊಳೆಸಬೇಡಿ ಅಂತ ಸುತ್ತೋಲೆ ಹೊರಡಿಸುವುದು ಸುಲಭ ಸ್ವಾಮಿ, ಅದರ ಜೊತೆ ದುಡ್ಡು ಕಳಿಸುವುದು ಕಷ್ಟ.

ಇನ್ನು ಹಣ ಬರುವ ಹೊತ್ತು. ಮೊದಲು ಗ್ರಾಂಟು ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆಗೆ ಬರುತ್ತಿತ್ತು. 2021ರಲ್ಲಿ ಕೇಂದ್ರ ಸರ್ಕಾರ ತನ್ನ ನೆರವಿನ ಒಂದೊಂದು ಯೋಜನೆಗೂ ರಾಜ್ಯಕ್ಕೊಂದೇ ಖಾತೆ ಎಂಬ ವ್ಯವಸ್ಥೆ ತಂದಿತು. ಆಮೇಲೆ ಶಾಲೆಯ ಖಾತೆಯಲ್ಲಿ ಹಣ ಕೂರುವುದಿಲ್ಲ, ಖರ್ಚಿನ ಮಿತಿ ಮಾತ್ರ ಕಾಣುತ್ತದೆ. ದುಡ್ಡು ಎಲ್ಲೆಲ್ಲೋ ಕೊಳೆಯಬಾರದು ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಆ ಮಿತಿ ತಡವಾಗಿ ಬಂದರೆ, ಮಾರ್ಚ್ 31ರೊಳಗೆ ಬಳಸದಿದ್ದರೆ ವಾಪಸ್. ನಾನು ಸದಸ್ಯನಾಗಿದ್ದ ಎಸ್‌ಡಿಎಂಸಿಯಲ್ಲಿ ಒಂದು ವರ್ಷ ಹೀಗೇ ಆಯಿತು. ಶಾಲೆ ಶುರುವಾಗುವಾಗ ಬೇಕಿದ್ದ ಹಣ ಪರೀಕ್ಷೆ ಹತ್ತಿರ ಬಂದಾಗ ಬಂತು. ಜೂನ್‌ನಲ್ಲಿ ಬೇಕಿದ್ದದ್ದು ಹೆಂಚು, ಮಾರ್ಚ್‌ನಲ್ಲಿ ತರಾತುರಿಯಲ್ಲಿ ಸಿಕ್ಕಿದ್ದು ಎರಡು ಪ್ಲಾಸ್ಟಿಕ್ ಕುರ್ಚಿ ಮತ್ತು ಬೇಡದ ಒಂದಷ್ಟು ಸ್ಟೇಷನರಿ. ಬಿಲ್ಲು ಸರಿ ಇತ್ತು, ಓಚರ್ ಸರಿ ಇತ್ತು, ಬಳಕೆ ಪ್ರಮಾಣಪತ್ರವೂ ಹೋಯಿತು. ಲೆಕ್ಕ ಪರಿಶೋಧನೆಯಲ್ಲಿ ಯಾರೂ ಒಂದು ಮಾತು ಆಡುವಂತಿರಲಿಲ್ಲ. ಹೆಂಚು ಮಾತ್ರ ಹಾಗೇ ಉಳಿಯಿತು.

ಗ್ರಾಂಟು ಬರುವ ತನಕ ಶಾಲೆ ನಡೆಸುವುದು ಮೇಷ್ಟ್ರ ಜೇಬು. ಇದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬರೆದು ಕೊಡುವುದಿಲ್ಲ ಅಷ್ಟೆ. ಸಂಬಳ ಬರುವ ಕಾಯಂ ಶಿಕ್ಷಕರು ಹೇಗೋ ಹಾಕುತ್ತಾರೆ. ಶಾಲೆಯಲ್ಲಿರುವುದು ಅತಿಥಿ ಶಿಕ್ಷಕರೇ ಆದರೆ? 2025-26ರ ಬಜೆಟ್‌ನಲ್ಲಿ ಅವರ ಗೌರವಧನಕ್ಕೆ ತಿಂಗಳಿಗೆ 2,000 ರೂಪಾಯಿ ಸೇರಿಸಿದಿರಿ, ಒಳ್ಳೆಯದಾಯಿತು. ಆದರೂ ಚಾಕ್‌ಪೀಸಿನ ಖರ್ಚು ಹೊರಿಸುವಷ್ಟು ಗಟ್ಟಿ ಆದಾಯವಲ್ಲ ಅದು.

ಜೇಬಾದ ಮೇಲೆ ದಾನಿಗಳು. ಹಳೆ ವಿದ್ಯಾರ್ಥಿಗಳು, ಬ್ಯಾಂಕು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ. 2022ರ ಅಕ್ಟೋಬರ್‌ನಲ್ಲಿ, ನಿಮಗಿಂತ ಹಿಂದೆ ಇದ್ದ ಸರ್ಕಾರದ ಕಾಲದಲ್ಲಿ, ಪೋಷಕರಿಂದಲೇ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಬಂದು, ಗಲಾಟೆಯಾಗಿ, ವಾಪಸ್ ಹೋಯಿತು. ಆ ಸುತ್ತೋಲೆಯನ್ನು ಎಲ್ಲರೂ ಬೈದರು, ನಾನೂ ಬೈದೆ. ಆದರೆ ಅದು ಒಂದು ನಿಜ ಒಪ್ಪಿಕೊಂಡಿತ್ತು: ಶಾಲೆ ನಡೆಸಲು ಕೊಡುವ ಹಣ ಸಾಲುತ್ತಿಲ್ಲ. ಸುತ್ತೋಲೆ ಹಿಂದಕ್ಕೆ ಹೋಯಿತು, ಕೊರತೆ ಇಲ್ಲೇ ಇದೆ.

ದಾನದ ಬಗ್ಗೆ ನನಗೆ ಅಸಹನೆ ಇಲ್ಲ. ಬಿಸಿಯೂಟದ ಜೊತೆ ಮಕ್ಕಳಿಗೆ ವಾರದಲ್ಲಿ 6 ದಿನ ಮೊಟ್ಟೆ ಸಿಗುತ್ತಿದ್ದರೆ, ಅದರಲ್ಲಿ 4 ದಿನದ ಖರ್ಚು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. 2024ರಲ್ಲಿ ಆದ ಒಪ್ಪಂದ ಅದು, ಮೂರು ವರ್ಷದ ಅವಧಿಗೆ. ಮಕ್ಕಳು ತಿನ್ನುತ್ತಿದ್ದಾರೆ, ಸಂತೋಷ. ಮೂರು ವರ್ಷ ಮುಗಿದ ಮೇಲೆ ಏನು ಅಂತ ಕೇಳುವುದು ಕೃತಘ್ನತೆ ಆಗಬಾರದು, ಅಲ್ವಾ? ಅದೂ ರಾಜ್ಯವ್ಯಾಪಿ ಒಪ್ಪಂದ, ಯಾವ ಊರಿನ ಮಗುವನ್ನೂ ಬಿಡುವುದಿಲ್ಲ. ಊರೂರಿನ ದಾನ ಹಾಗಲ್ಲ. ಹೆದ್ದಾರಿ ಪಕ್ಕದ ಶಾಲೆಗೆ, ದೊಡ್ಡವರು ಓದಿದ ಶಾಲೆಗೆ ಬಣ್ಣ ಬರುತ್ತದೆ, ಸ್ಮಾರ್ಟ್ ಬೋರ್ಡ್ ಬರುತ್ತದೆ. ಒಳಗಿನ ಆದಿವಾಸಿ ಹಾಡಿಯ, ತಾಂಡಾದ, ಕಾಲೊನಿಯ ಶಾಲೆಗೆ ಯಾವ ಹಳೆ ವಿದ್ಯಾರ್ಥಿ ಬರಬೇಕು? ಅಲ್ಲಿ ಓದಿದವರು ಕೂಲಿಗೆ ಹೋಗುತ್ತಿದ್ದಾರೆ.

ನಿಮ್ಮ ಉತ್ತರ ನನಗೆ ಗೊತ್ತು. ಇದು ಕೇಂದ್ರದ ಯೋಜನೆ, ದರ ಅವರು ಮಾಡಿದ್ದು, 60 ಪಾಲು ಅವರದು, 40 ನಮ್ಮದು, ಅವರ ಕಂತು ತಡವಾಯಿತು. ಇದರಲ್ಲಿ ಸುಳ್ಳಿಲ್ಲ. ಪಿಎಂ ಶ್ರೀ ಎಂಬ ಕೇಂದ್ರದ ಮಾದರಿ ಶಾಲೆ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಲಿಲ್ಲ ಎಂದು 2024-25ರ ಸಮಗ್ರ ಶಿಕ್ಷಣದ 2,152 ಕೋಟಿ ರೂಪಾಯಿ ತಡೆಹಿಡಿದಿದ್ದಾರೆಂದು ತಮಿಳುನಾಡು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಆದಾಯ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಹಾಕುತ್ತಾರೆ. ಸೆಸ್ ರಾಜ್ಯಗಳ ನಡುವೆ ಹಂಚಿಕೆಯಾಗುವ ತೆರಿಗೆಯಲ್ಲಿ ಸೇರುವುದಿಲ್ಲ. ಅದು ಯೋಜನೆಯ ರೂಪದಲ್ಲಿ, ಷರತ್ತು ಹೊತ್ತುಕೊಂಡು ಬರುತ್ತದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದಲ್ಲಿ ಶೇ 4.713ರಿಂದ 3.647ಕ್ಕೆ ಇಳಿಯಿತು. ಆ ಜಗಳ ಆಡಿ, ನಾವೂ ನಿಮ್ಮ ಜೊತೆ ಇದ್ದೇವೆ.

ಆದರೆ ಶಾಲೆಯ ಚಿಲಕ ದೆಹಲಿಯ ಜಗಳ ಮುಗಿಯುವ ತನಕ ಕಾಯಬೇಕಾ? ನಿಮ್ಮದೇ ಬಜೆಟ್ ತೆಗೆದು ನೋಡಿ. 2024-25ರಲ್ಲಿ ರಾಜ್ಯ ಬಜೆಟ್‌ನ ಗಾತ್ರ ಸುಮಾರು 3.71 ಲಕ್ಷ ಕೋಟಿ, ಅದರಲ್ಲಿ ಶಿಕ್ಷಣಕ್ಕೆ 44,422 ಕೋಟಿ. 2025-26ರಲ್ಲಿ ಬಜೆಟ್ 4.09 ಲಕ್ಷ ಕೋಟಿಗೆ ಏರಿತು, ಶಿಕ್ಷಣ 45,286 ಕೋಟಿಗೆ. ಇಡೀ ಬಜೆಟ್ ಶೇ 10ರಷ್ಟು ಬೆಳೆದ ವರ್ಷದಲ್ಲಿ ಶಿಕ್ಷಣದ ಹಣ ಬೆಳೆದದ್ದು ಶೇ 2ಕ್ಕಿಂತ ಕಡಿಮೆ. ರೂಪಾಯಿಗೆ 12 ಪೈಸೆ ಇದ್ದದ್ದು 11 ಪೈಸೆ ಆಯಿತು. ಇದಕ್ಕೆ ದೆಹಲಿಯ ಸಹಿ ಬೇಕಿರಲಿಲ್ಲ.

ನಾನು ಕೇಳುವುದು ಇಷ್ಟು. ಕೇಂದ್ರದ ಮೆಟ್ಟಿಲು ಇದ್ದರೆ ಇರಲಿ, ಅದರ ಪಕ್ಕದಲ್ಲಿ ರಾಜ್ಯದ್ದೇ ಒಂದು ಶಾಲಾ ನಿರ್ವಹಣಾ ಹಣ ಇಡಿ. ಪ್ರತಿ ಶಾಲೆಗೆ ಮಕ್ಕಳ ಸಂಖ್ಯೆ ನೋಡದೆ 25,000 ರೂಪಾಯಿ, ಏಕೆಂದರೆ ಛಾವಣಿಗೆ ಮಕ್ಕಳ ಲೆಕ್ಕ ಗೊತ್ತಿಲ್ಲ. ಅದರ ಮೇಲೆ ಮಗುವಿಗೆ 200 ರೂಪಾಯಿಯಂತೆ. ಆಗ ಒಂದು ಮಗು ಊರು ಬಿಟ್ಟರೆ ಶಾಲೆ ಕಳೆದುಕೊಳ್ಳುವುದು 200 ರೂಪಾಯಿ, 15,000 ಅಲ್ಲ. ಸಾವಿರ ಮಕ್ಕಳ ಶಾಲೆಗೆ 2,25,000 ಸಿಗುತ್ತದೆ. ಖರ್ಚು ಎಷ್ಟು? 46 ಸಾವಿರ ಶಾಲೆ, 40 ಲಕ್ಷ ಮಕ್ಕಳು ಅಂತ ದುಂಡಾಗಿ ಇಟ್ಟುಕೊಂಡರೆ 115 ಕೋಟಿ ಮತ್ತು 80 ಕೋಟಿ, ಒಟ್ಟು 195 ಕೋಟಿ. 45,286 ಕೋಟಿಯ ಮುಂದೆ ಅದು ನೂರು ರೂಪಾಯಿಗೆ 43 ಪೈಸೆ.

ಬಂದ ಹಣದ ಮೇಲೆ ‘ಇದಕ್ಕೇ ಬಳಸಬೇಕು’ ಅಂತ ಬರೆದು ಕಳಿಸಬೇಡಿ. ಇಲಾಖೆಯಿಂದ ಬೇರೆ ಬೇರೆ ಹೆಸರಿನಲ್ಲಿ ಬರುವ ಸಣ್ಣಪುಟ್ಟ ಹಣಕ್ಕೆಲ್ಲ ಇದೇ ಕಾಯಿಲೆ. ಕ್ರೀಡಾ ಸಾಮಗ್ರಿಯ ಹಣದಲ್ಲಿ ಪೈಪು ಕೊಳ್ಳುವಂತಿಲ್ಲ, ಗ್ರಂಥಾಲಯದ ಹಣದಲ್ಲಿ ಬೀಗ ಕೊಳ್ಳುವಂತಿಲ್ಲ. ಅರ್ಧ ಹಣ ಶಾಲೆ ಬಾಗಿಲು ತೆರೆಯುವ ಮೊದಲೇ ಸಿಗಲಿ, ಉಳಿದರೆ ಮುಂದಿನ ವರ್ಷಕ್ಕೆ ಹೋಗಲಿ. ಇದು ರಾಜ್ಯದ ಹಣ, ನಿಯಮವೂ ನಿಮ್ಮದೇ. ಹಣಕಾಸು ಇಲಾಖೆಯವರು ಮುಖ ಗಂಟಿಕ್ಕುತ್ತಾರೆ, ಅವರನ್ನು ಒಪ್ಪಿಸುವುದಕ್ಕೇ ತಾನೇ ಸಚಿವರು ಇರುವುದು.

ದುರುಪಯೋಗ ಆಗುತ್ತದೆ ಅನ್ನುತ್ತಾರೆ. ಆಗಬಹುದು. ಎಸ್‌ಡಿಎಂಸಿ ಅಂದರೆ ಸಾಧುಗಳ ಸಂಘ ಅಲ್ಲ. ಅಧ್ಯಕ್ಷರಿಗೂ ಮುಖ್ಯ ಶಿಕ್ಷಕರಿಗೂ ಆಗದ ಶಾಲೆಗಳು ಬೇಕಾದಷ್ಟಿವೆ, ಒಂದು ಸಹಿಗಾಗಿ ವಾರಗಟ್ಟಲೆ ಓಡಾಡಿಸುವವರೂ ಇದ್ದಾರೆ, ಪಂಚಾಯಿತಿ ರಾಜಕೀಯ ಶಾಲೆಯ ಒಳಗೂ ಕಾಲಿಟ್ಟಿದೆ. ಆದರೆ 2001ರಿಂದ ಈ ಸಮಿತಿಗಳು ಇವೆ. ಅದರಲ್ಲಿ ಇರುವವರು ಅದೇ ಶಾಲೆಗೆ ಮಕ್ಕಳನ್ನು ಕಳಿಸುವವರು. ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಶಾಲೆಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಬಿಸಿಯೂಟದ ಪಟ್ಟಿ ಬರೆಯುವುದಿಲ್ಲವೇ, ಹಾಗೆ. 25,000 ರೂಪಾಯಿಯ ಲೆಕ್ಕವನ್ನು ತಾಯಂದಿರು ನೋಡುವಷ್ಟು ಚೆನ್ನಾಗಿ ಯಾವ ಲೆಕ್ಕ ಪರಿಶೋಧಕರೂ ನೋಡಲಾರರು.

ಒಂದು ಅನುಮಾನ ಮಾತ್ರ ಹೇಳಿಬಿಡುತ್ತೇನೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ನೆರವು ತಂದು ದೊಡ್ಡ ಮೊತ್ತ ಸುರಿಯುತ್ತಿದ್ದೀರಿ. ಒಳ್ಳೆಯ ಶಾಲೆಗಳು ಬರಲಿ. ಆದರೆ ಅದೇ ಹೊತ್ತಿಗೆ 30 ಮಕ್ಕಳ ಶಾಲೆಯನ್ನು ದಿನಕ್ಕೆ 50 ರೂಪಾಯಿಯಲ್ಲಿ ನಡೆಸಿ ಅಂದರೆ, ಆ ಶಾಲೆ ಸೊರಗುತ್ತದೆ, ಮಕ್ಕಳು ಇನ್ನಷ್ಟು ಬಿಡುತ್ತಾರೆ. ಆಮೇಲೆ ‘ದಾಖಲಾತಿ ಇಲ್ಲ’ ಎಂಬ ಕಾರಣ ಕೊಟ್ಟು ಬೀಗ ಹಾಕುವುದು ಸಲೀಸು. ಆ ಬೀಗ ಪೋಷಕರು ಹಾಕಿದ್ದು ಅಂತ ಆಗ ಹೇಳಬೇಡಿ.

ಇದಕ್ಕೆ ಮುಂದಿನ ಬಜೆಟ್‌ವರೆಗೆ ಕಾಯಬೇಕಾಗಿಲ್ಲ. ವರ್ಷದ ನಡುವೆ ಹೆಚ್ಚುವರಿ ಹಣಕ್ಕಾಗಿ ಮಂಡಿಸುವ ಪೂರಕ ಅಂದಾಜುಗಳಲ್ಲಿ ಇದಕ್ಕಿಂತ ದೊಡ್ಡ ಮೊತ್ತಗಳು ಚರ್ಚೆಯೂ ಇಲ್ಲದೆ ಪಾಸಾಗುವುದನ್ನು ನೋಡಿದ್ದೇವೆ. ಮುಂದಿನ ಅಧಿವೇಶನದಲ್ಲಿ 195 ಕೋಟಿ ಸೇರಿಸುತ್ತೀರೋ ಇಲ್ಲವೋ, ಇಲ್ಲವಾದರೆ ಏಕೆ, ಅಷ್ಟನ್ನು ಬರೆದು ತಿಳಿಸಿ. ನಿಮ್ಮ ಉತ್ತರವನ್ನು ನಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಅಂಟಿಸಿಡುತ್ತೇವೆ.

ಇಂತಿ,
ಸರ್ಕಾರಿ ಶಾಲೆಯ ಒಬ್ಬ ಪೋಷಕ