ಹೊಸ ಮ್ಯಾನೇಜರ್‌ಗಳ ಪಿಎಫ್: ಸೇರುವ ದಿನವೇ ನೋಡಬೇಕಾದ್ದು

ಎಚ್‌ಆರ್, ಪೇರೋಲ್ ಗೆಳೆಯರ ಗಮನಕ್ಕೆ:

'ಮೂಲ ವೇತನ ಪಿಎಫ್ ಕಡ್ಡಾಯವಾಗುವ 15,000 ರೂ. ಮಿತಿ ದಾಟಿದೆ, ಪಿಎಫ್ ಬೇಡ' ಎಂದು ದೊಡ್ಡ ಹುದ್ದೆಗೆ ಬಂದವರು ಹೇಳಿದ ಕೂಡಲೇ ಒಪ್ಪಬೇಡಿ. ಸಾಮಾನ್ಯವಾಗಿ, ಹಿಂದೆಂದೂ ಪಿಎಫ್ ಸದಸ್ಯರಾಗಿರದಿದ್ದರೆ ಮಾತ್ರ ಆ ಮಾತು ನಡೆಯುತ್ತದೆ. ಹಳೆಯ ಖಾತೆಯಲ್ಲಿ ಹಣವಿದ್ದರೆ ಸದಸ್ಯತ್ವ ಮುಂದುವರಿಯಲೇಬೇಕು. ಆದ್ದರಿಂದ ಮೊದಲ ಸಂಬಳಕ್ಕೂ ಮುಂಚೆ ಫಾರಂ 11 (ಹಿಂದಿನ ಪಿಎಫ್, ಪಿಂಚಣಿ ಸದಸ್ಯತ್ವದ ಘೋಷಣೆ) ಬರೆಸಿಕೊಳ್ಳಿ, ಯುಎಎನ್ (ಸದಸ್ಯರ ಕಾಯಂ ಪಿಎಫ್ ಸಂಖ್ಯೆ) ತಾಳೆ ನೋಡಿ.

ಎಡವಟ್ಟಾಗುವುದು ಹೆಚ್ಚಾಗಿ ಪಿಂಚಣಿಯಲ್ಲಿ. 2014ರ ಸೆಪ್ಟೆಂಬರ್ 1ರ ನಂತರ, 15,000ಕ್ಕಿಂತ ಹೆಚ್ಚಿನ ವೇತನದಲ್ಲಿ ಮೊದಲ ಬಾರಿ ಪಿಎಫ್‌ಗೆ ಸೇರಿದವರಿಗೆ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಇಲ್ಲ. ಕಂಪನಿಯ 12% ಪೂರ್ತಿ ಪಿಎಫ್‌ಗೇ ಹೋಗಬೇಕು. ಪೇರೋಲ್ ಸಾಫ್ಟ್‌ವೇರ್ ಮಾತ್ರ ತನ್ನಷ್ಟಕ್ಕೆ ತಿಂಗಳಿಗೆ 1,250 ರೂ. ಇಪಿಎಸ್‌ಗೆ ತಳ್ಳಿಬಿಡುತ್ತದೆ! ವರ್ಷಗಳ ನಂತರ ವರ್ಗಾವಣೆ ಅಥವಾ ಕ್ಲೇಮ್ ಹೊತ್ತಿಗೆ ಇದು ಸಿಕ್ಕಿಬೀಳುತ್ತದೆ, ಸರಿಪಡಿಸುವುದು ತಲೆನೋವು.

ಮೊದಲೇ ಇಪಿಎಸ್ ಸದಸ್ಯರಾಗಿದ್ದವರಿಗೆ ವೇತನ ಎಷ್ಟೇ ಇರಲಿ, 58 ವರ್ಷದವರೆಗೆ ಅದು ಮುಂದುವರಿಯುತ್ತದೆ. ಪಾಸ್‌ಬುಕ್ಕಿನ ಪಿಂಚಣಿ ಕಾಲಂ ನೋಡಿದರೆ ತಿಳಿಯುತ್ತದೆ. ಫಾರಂ 10ಸಿ (ಪಿಂಚಣಿ ಹಣ ಅಥವಾ ಸ್ಕೀಮ್ ಸರ್ಟಿಫಿಕೇಟ್ ಕೋರುವ ಅರ್ಜಿ) ಕೊಟ್ಟಿದ್ದಾರಾ ಎಂದೂ ಕೇಳಿ: ಪಿಂಚಣಿ ಹಣ ಹಿಂಪಡೆದಿದ್ದರೆ ಆ ಇಪಿಎಸ್ ಸದಸ್ಯತ್ವ ಮುಗಿದಂತೆ, ಹಿಂದಿನ ಸೇವೆಯನ್ನು ಕಾಯ್ದಿಡುವ ಸ್ಕೀಮ್ ಸರ್ಟಿಫಿಕೇಟ್ ಪಡೆದಿದ್ದರೆ ಉಳಿದಿದೆ.

ಬಾಯಿಮಾತಿನ ಉತ್ತರ ಸಾಲದು. ಸಹಿ ಹಾಕಿದ ಫಾರಂ 11 ಕಡತದಲ್ಲಿರಲಿ.