ಹೂವರ್ ಸಂಸ್ಥೆಯ ಕೆಲಸ ಒಪ್ಪಿಕೊಳ್ಳುವ ಮುನ್ನ

ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೂವರ್ ಎಂಬ ನೀತಿ ಸಂಶೋಧನಾ ಸಂಸ್ಥೆಯಲ್ಲಿ ನಿನಗೆ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿರುವ ಸುದ್ದಿ ಓದಿ ಬಹಳ ಸಂತೋಷವಾಯಿತು. ನಿನ್ನ ಸ್ನೇಹಿತರಲ್ಲಿ ಕೆಲವರು ‘ಅದು ಬಲಪಂಥೀಯರ ಪಾಳೆಯ, ಹತ್ತಿರ ಸುಳಿಯಬೇಡ’ ಎನ್ನುತ್ತಿದ್ದಾರೆ, ಇನ್ನು ಕೆಲವರು ‘ಇಂಥ ಅವಕಾಶ ಮತ್ತೆ ಬಾರದು’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀಯೆ. ಬಹುಕಾಲ ಅರ್ಥಶಾಸ್ತ್ರ ಪಾಠ ಹೇಳಿದ ನನ್ನ ಮಾತು ಕೇಳುವೆಯಾದರೆ, ಹೋಗು. ಆದರೆ ಆ ಸಂಸ್ಥೆಯ ಚರಿತ್ರೆಯನ್ನು ಚೆನ್ನಾಗಿ ತಿಳಿದುಕೊಂಡು ಹೋಗು.

ಅದು ಹುಟ್ಟಿದ್ದು ಕಾಗದಪತ್ರಗಳಿಗಾಗಿ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಹಸಿದ ಜನರಿಗೆ ಆಹಾರ ತಲುಪಿಸುವ ಹೊಣೆ ಹೊತ್ತಿದ್ದ ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್, ಯುದ್ಧದ ದಾಖಲೆಗಳು ಚದುರಿಹೋಗಬಾರದೆಂದು 1919ರಲ್ಲಿ ತಾವು ಓದಿದ ಸ್ಟ್ಯಾನ್‌ಫರ್ಡ್‌ಗೆ 50,000 ಡಾಲರ್ ಕೊಟ್ಟರು. ರಷ್ಯಾದ ತ್ಸಾರನ ಗುಪ್ತ ಪೊಲೀಸರ ಪ್ಯಾರಿಸ್ ಕಚೇರಿಯ ಕಡತಗಳು ಕೂಡ ಅಲ್ಲಿಗೆ ಬಂದು ಸೇರಿವೆ. 1941ರಲ್ಲಿ ಆ ಸಂಗ್ರಹಕ್ಕೆಂದೇ 285 ಅಡಿ ಎತ್ತರದ ಗೋಪುರ ಎದ್ದಿತು. ದಾಖಲೆಗಾರರ ಆ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಯಾವ ಪಕ್ಷದವರೇ ಆಗಲಿ, ಆ ಕಾಗದಗಳನ್ನು ಓದಿ ತಮ್ಮ ತೀರ್ಮಾನಕ್ಕೆ ತಾವೇ ಬರಬಹುದು.

ತಿರುವು ಬಂದದ್ದು 1959ರಲ್ಲಿ. ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷರೂ ಆಗಿ ಇಳಿದಿದ್ದ ಹೂವರ್, ಸಂಸ್ಥೆಯ ಧ್ಯೇಯವನ್ನು ಹೊಸದಾಗಿ ಬರೆದರು. ಇದು ಬರೀ ಗ್ರಂಥಾಲಯವಾಗಿ ಉಳಿಯಬಾರದು, ಶಾಂತಿ, ವ್ಯಕ್ತಿ ಸ್ವಾತಂತ್ರ್ಯ ಮತ್ತು ಅಮೆರಿಕದ ವ್ಯವಸ್ಥೆಯ ರಕ್ಷಣೆಯ ದಾರಿ ತೋರಬೇಕು ಎಂಬುದು ಅದರ ಸಾರ. ಮರುವರ್ಷ ಗ್ಲೆನ್ ಕ್ಯಾಂಬೆಲ್ ನಿರ್ದೇಶಕರಾದರು, 1989ರವರೆಗೂ ಅವರೇ ಇದ್ದರು. ವಿಶ್ವವಿದ್ಯಾಲಯದ ಚೌಕಟ್ಟಿನೊಳಗೇ ಇರುವ, ಆದರೆ ತನ್ನದೇ ಮೇಲ್ವಿಚಾರಣಾ ಮಂಡಳಿ ಮತ್ತು ತನ್ನದೇ ದಾನಿಗಳನ್ನು ಹೊಂದಿರುವ ಸಂಸ್ಥೆಯಾಗಿ ಅದು ಬೆಳೆಯಿತು. ಪುಟ್ಟಿ, ನನಗೆ ತೊಡಕಾಗಿ ಕಾಣುವುದು ಇದೇ. ಹುಡುಕಾಟ ಶುರುವಾಗುವ ಮೊದಲೇ ಕಾಪಾಡಬೇಕಾದದ್ದು ಏನೆಂದು ತೀರ್ಮಾನಿಸಿರುವ ಸಂಸ್ಥೆ ಅದು. ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಕೆಲಸಕ್ಕೆ ಸಹಿ ಮಾಡುವ ಮುನ್ನ ಆ ಧ್ಯೇಯಪತ್ರವನ್ನು ಒಂದು ಸಲವಾದರೂ ಪೂರ್ತಿಯಾಗಿ ಓದು.

ಅದರ ಪ್ರಭಾವ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ನೀನು ಅರಿತಿರಬೇಕು. ಅಧಿಕಾರದಲ್ಲಿ ಇಲ್ಲದವರನ್ನು ಅದು ಜೊತೆಗಿಟ್ಟುಕೊಳ್ಳುತ್ತದೆ. ಅವರು ಅಧಿಕಾರಕ್ಕೆ ಬರುವ ಹೊತ್ತಿಗೆ ಯೋಜನೆಯೂ ಜನರೂ ಸಿದ್ಧವಾಗಿರುತ್ತಾರೆ. ರೊನಾಲ್ಡ್ ರೇಗನ್ 1975ರಲ್ಲೇ ಅಲ್ಲಿನ ಗೌರವ ಫೆಲೋ ಆದರು. ಅವರು ಅಧ್ಯಕ್ಷರಾದಾಗ ಮಾರ್ಟಿನ್ ಆಂಡರ್ಸನ್ ಅವರಂಥ ಹೂವರ್ ವಿದ್ವಾಂಸರು ಶ್ವೇತಭವನಕ್ಕೆ ಹೋದರು. 1998ರಲ್ಲಿ ಟೆಕ್ಸಾಸ್ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯು. ಬುಷ್, ರೇಗನ್ ಅವರ ವಿದೇಶಾಂಗ ಸಚಿವರಾಗಿದ್ದು ಆಮೇಲೆ ಹೂವರ್ ಸೇರಿದ್ದ ಜಾರ್ಜ್ ಶುಲ್ಟ್ಸ್ ಅವರ ಮನೆಯ ಬೈಠಕ್ಕಿನಲ್ಲಿ ಇದೇ ವಲಯದವರೊಂದಿಗೆ ಕುಳಿತು ಮಾತನಾಡಿದರು. ಆ ಕೂಟದಲ್ಲಿದ್ದ ಕಾಂಡೊಲೀಸಾ ರೈಸ್ 2001ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು, ಆಮೇಲೆ ವಿದೇಶಾಂಗ ಸಚಿವರಾದರು, 2020ರಲ್ಲಿ ಹೂವರ್ ಸಂಸ್ಥೆಗೇ ನಿರ್ದೇಶಕರಾಗಿ ಬಂದರು. ಎಲ್ಲರಿಗೂ ಒಂದೇ ದರದ ಆದಾಯ ತೆರಿಗೆ ಎಂದು ಹೂವರ್‌ನ ವಿದ್ವಾಂಸರಾದ ರಾಬರ್ಟ್ ಹಾಲ್ ಮತ್ತು ಆಲ್ವಿನ್ ರಾಬುಷ್ಕಾ 1981ರಲ್ಲಿ ಅಲ್ಲಿಂದ ಬರೆದದ್ದು ಅಮೆರಿಕದಲ್ಲಿ ಜಾರಿಯಾಗಲಿಲ್ಲ. ಆದರೆ ಅಂಥದೇ ತೆರಿಗೆ 1994ರಲ್ಲಿ ಎಸ್ಟೋನಿಯಾಕ್ಕೆ, 2001ರಲ್ಲಿ ಶೇ. 13ರ ದರದಲ್ಲಿ ರಷ್ಯಾಕ್ಕೆ ಬಂತು.

ಹಾಗೆಂದು ಅಲ್ಲಿ ಎಲ್ಲರೂ ಒಂದೇ ರಾಗ ಹಾಡುತ್ತಾರೆ ಎಂದುಕೊಳ್ಳಬೇಡ. ಅಣ್ವಸ್ತ್ರಗಳೇ ಇಲ್ಲದ ಜಗತ್ತು ಬೇಕು ಎಂದು 2007ರಲ್ಲಿ ಮಾಜಿ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್, ಮಾಜಿ ರಕ್ಷಣಾ ಸಚಿವ ವಿಲಿಯಂ ಪೆರ್ರಿ, ಮಾಜಿ ಸೆನೆಟರ್ ಸ್ಯಾಮ್ ನನ್ ಅವರ ಜೊತೆಗೂಡಿ ಬರೆದವರು ಇದೇ ಶುಲ್ಟ್ಸ್. ಆ ಲೇಖನ ಮೂಡಿದ್ದು ಹೂವರ್‌ನಲ್ಲಿ ನಡೆದ ಒಂದು ಸಮ್ಮೇಳನದಿಂದ. ಪೆರ್ರಿ ಮತ್ತು ನನ್ ಡೆಮಾಕ್ರಟಿಕ್ ಪಕ್ಷದವರು.

2020ರಲ್ಲಿ ನಡೆದದ್ದನ್ನು ಮಾತ್ರ ನೀನು ಎಂದೂ ಮರೆಯಬಾರದು. ಅಲ್ಲಿನ ಹಿರಿಯ ಫೆಲೋ ಸ್ಕಾಟ್ ಅಟ್ಲಾಸ್ ಮೂಲತಃ ರೇಡಿಯಾಲಜಿ ವೈದ್ಯರು, ಮೆದುಳಿನ ಸ್ಕ್ಯಾನ್‌ಗಳಲ್ಲಿ ಪರಿಣತರು. ಅವರು ಅಧ್ಯಕ್ಷ ಟ್ರಂಪ್ ಅವರಿಗೆ ಕೋವಿಡ್ ಸಲಹೆಗಾರರಾದರು. ಅವರ ಮಾತುಗಳು ವಿಜ್ಞಾನಕ್ಕೆ ವಿರುದ್ಧವಾಗಿವೆ ಎಂದು ಸ್ಟ್ಯಾನ್‌ಫರ್ಡ್‌ನದೇ ಸುಮಾರು ನೂರು ವೈದ್ಯರು ಮತ್ತು ಸಂಶೋಧಕರು ಸೆಪ್ಟೆಂಬರ್‌ನಲ್ಲಿ ಬಹಿರಂಗ ಪತ್ರ ಬರೆದರು. ನವೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರ ಸೆನೆಟ್ ಅಟ್ಲಾಸ್ ಅವರ ನಡೆಯನ್ನು ಖಂಡಿಸಿ ಶೇ. 85 ಮತಗಳಿಂದ ನಿರ್ಣಯ ಮಾಡಿತು. ತಿಂಗಳ ಕೊನೆಗೆ ಅವರು ಸಲಹೆಗಾರ ಸ್ಥಾನ ಬಿಟ್ಟರು. ಸಾಂಕ್ರಾಮಿಕ ರೋಗಶಾಸ್ತ್ರ ತನ್ನ ವಿಷಯವಲ್ಲದ ವ್ಯಕ್ತಿಯ ಮಾತಿಗೆ ದೇಶದ ಅತ್ಯುನ್ನತ ಕಚೇರಿಯಲ್ಲಿ ಅಷ್ಟು ತೂಕ ಬರಲು ಆ ಗೋಪುರದ ವಿಳಾಸವೂ ನೆರವಾಯಿತು ಎಂದೇ ನಾನು ನಂಬಿದ್ದೇನೆ.

‘ಬಹುಮತಕ್ಕೆ ಎದುರು ಮಾತನಾಡುವುದೇ ತಪ್ಪೇ’ ಎಂದು ನೀನು ಕೇಳುತ್ತೀಯೆ. ಖಂಡಿತ ಅಲ್ಲ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ ಹುಟ್ಟಿದ ಬಿ. ಆರ್. ಶೆಣೈ ಅವರನ್ನು ನೆನೆ. ಎರಡನೆಯ ಪಂಚವಾರ್ಷಿಕ ಯೋಜನೆಗಾಗಿ ಸೇರಿದ್ದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಇಷ್ಟು ದೊಡ್ಡ ಖೋತಾ ಬಜೆಟ್ ದೇಶವನ್ನು ಬೆಲೆಯೇರಿಕೆಗೆ ತಳ್ಳುತ್ತದೆ ಎಂದು ಎಚ್ಚರಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದೇ ಬಂತು. ಮುಂದೆ 1977ರಲ್ಲಿ ಹೂವರ್ ಸೇರಿದ, ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರು ಶೆಣೈ ಅವರನ್ನು ಮನಸಾರೆ ಮೆಚ್ಚಿದವರು. ಆದರೆ ದೆಹಲಿಯಲ್ಲಿ ಶೆಣೈ ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವರ ಬೆನ್ನಿಗೆ ಗೋಪುರವಿರಲಿಲ್ಲ. ಅವರು ಮಾತನಾಡಿದ್ದು ತಮ್ಮ ವಿಷಯದೊಳಗೆ, ಲೆಕ್ಕ ಹಾಕಿ, ತಮ್ಮದೇ ಹೆಸರಿನಲ್ಲಿ. ಅವರ ಎಲ್ಲ ನಿಲುವುಗಳನ್ನು ನಾನು ಒಪ್ಪುವುದಿಲ್ಲ, ಆದರೆ ಆ ಟಿಪ್ಪಣಿಯನ್ನು ಪ್ರತಿ ವರ್ಷ ತರಗತಿಯಲ್ಲಿ ಓದಿಸುತ್ತಿದ್ದೆ.

ನಿನಗೆ ಇದರ ಉಲ್ಟಾ ಪರಿಸ್ಥಿತಿ ಬರುತ್ತದೆ. ನೀನಿನ್ನೂ ಪಿಎಚ್‌ಡಿ ಮುಗಿಸಿರುವುದಿಲ್ಲ, ಆದರೆ ನೀನು ಬರೆದದ್ದನ್ನು ಸೆನೆಟರ್ ಒಬ್ಬರ ಕಚೇರಿಯಲ್ಲಿ ಓದುತ್ತಾರೆ. ಆ ಸುಖಕ್ಕೆ ಬೇಗ ಮರುಳಾಗಬೇಡ. ನಿನಗೆ ಗೊತ್ತಿಲ್ಲದ ವಿಷಯದ ಬಗ್ಗೆ ಲೇಖನ ಕೇಳಿದರೆ, ಎಷ್ಟೇ ದೊಡ್ಡವರು ಕೇಳಿದರೂ, ಆಗುವುದಿಲ್ಲ ಎನ್ನು. ಉತ್ತರ ಮೊದಲೇ ಬರೆದಿಟ್ಟು ಅದಕ್ಕೆ ಅಂಕಿ ಅಂಶ ಹುಡುಕಲು ಹೇಳಿದರೂ ಹಾಗೆಯೇ. ಅಲ್ಲಿನ ವಿಚಾರಗಳಿಗೆ ಆಗದವರ ಜೊತೆಗೂ ಒಡನಾಟ ಇಟ್ಟುಕೋ. ರೇಗನ್ ಅವರ ಅಧ್ಯಕ್ಷೀಯ ದಾಖಲೆಗಳ ಗ್ರಂಥಾಲಯದ ಜೊತೆಗೆ ಹೂವರ್ ಸಂಸ್ಥೆ ನಡೆಸುವ ನೀತಿ ಕೇಂದ್ರವೂ ಬರುವುದನ್ನು ಎದುರಿಸಿದ ಅಧ್ಯಾಪಕರು ಇದ್ದ ಕ್ಯಾಂಪಸ್ ಅದು. 1987ರಲ್ಲಿ ಆ ಇಡೀ ಯೋಜನೆಯೇ ಅಲ್ಲಿಂದ ಹೊರಟುಹೋಯಿತು. ಹೂವರ್‌ನ ಇನ್ನೊಂದು ಕಡೆಯನ್ನು ಅಂಥವರಿಂದಲೇ ಕೇಳಬೇಕು.

ಒಪ್ಪಿಗೆ ಕಳುಹಿಸುವ ಮೊದಲು ನಿನ್ನ ಮೇಲಿನ ಪ್ರಾಧ್ಯಾಪಕರಿಗೆ ಒಂದು ಇಮೇಲ್ ಬರೆ: ನನ್ನ ಲೆಕ್ಕ ನಿಮ್ಮ ಯೋಜನೆಯ ನಿಲುವಿಗೆ ವಿರುದ್ಧವಾಗಿ ಬಂದರೆ ಅದನ್ನು ನನ್ನ ಹೆಸರಿನಲ್ಲಿ ಪ್ರಕಟಿಸಬಹುದೇ? ನೇರವಾಗಿ ಹೌದು ಎಂದರೆ ಸೇರು. ಸುತ್ತಿ ಬಳಸಿ ಬರೆದರೆ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲೇ ಕೆಲಸ ಕೇಳು, ಸಂಬಳ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಉತ್ತರ ಬಂದ ಕೂಡಲೇ ನನಗೆ ತಿಳಿಸು. ಮೊದಲ ಕರಡು ಸಿದ್ಧವಾದಾಗ ಕೋಷ್ಟಕಗಳನ್ನೂ ಸೇರಿಸಿ ಕಳುಹಿಸು, ಕುಳಿತು ಒಂದೊಂದಾಗಿ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ