ಆರು ತಿಂಗಳ ಗಡುವನ್ನು ಹೇಳುವವರು ಯಾರು?

ಮಾನ್ಯ ಸಂಪಾದಕರೇ,

ಲೋಕಾಯುಕ್ತದ ಹೆಸರು ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ದಾಳಿಯ ಮರುದಿನ. ಅಧಿಕಾರಿಯ ಮನೆಯಲ್ಲಿ ಸಿಕ್ಕ ಚಿನ್ನದ ತೂಕ, ನಿವೇಶನಗಳ ಲೆಕ್ಕ, ಮೇಜಿನ ಮೇಲೆ ಜೋಡಿಸಿಟ್ಟ ನೋಟಿನ ಕಟ್ಟುಗಳು. ನಮ್ಮ ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಆ ಸಂಸ್ಥೆಯ ಪರಿಚಯ ಇಷ್ಟಕ್ಕೇ ನಿಂತಿದೆ. ಲಂಚವನ್ನೇನೂ ಕೇಳದೆ, ಕೆಲಸವನ್ನೂ ಮಾಡದೆ ಅರ್ಜಿದಾರನನ್ನು ಅಲೆದಾಡಿಸುವ ಕಚೇರಿಯ ಮೇಲೂ ಅಲ್ಲಿ ದೂರು ಕೊಡಬಹುದೆಂಬುದನ್ನು ಬಲ್ಲವರು ವಿರಳ.

ನನಗೂ ಅದು ತಡವಾಗಿಯೇ ತಿಳಿಯಿತು. ತಂದೆಯವರು ತೀರಿಕೊಂಡ ಮೇಲೆ ಹೊಲದ ಉತಾರಕ್ಕೆ, ಅಂದರೆ ಪಹಣಿಗೆ, ವಾರಸುದಾರರ ಹೆಸರು ಹಚ್ಚಿಸಲು ಕೊಟ್ಟ ಅರ್ಜಿಯ ಕಡತವೇ ಸಿಗುತ್ತಿಲ್ಲವೆಂದು ಒಂದು ಕಚೇರಿಯಲ್ಲಿ ಹೇಳಿದರು. ಎರಡನೆಯ ಅರ್ಜಿ ಕೊಟ್ಟು, ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ಮುಂದಿನ ವಾರ ಬರ್ರಿ’ ಎಂಬ ಮಾತು ಕೇಳುತ್ತ ಎಂಟು ತಿಂಗಳು ಕಳೆದೆ. ಕೊನೆಗೆ ಪರಿಚಯದ ವಕೀಲರೊಬ್ಬರು, ಇಂಥ ಕುಂದುಕೊರತೆಯ ದೂರನ್ನು ಸಂಗತಿ ಗೊತ್ತಾದ ಆರು ತಿಂಗಳೊಳಗೆ ಲೋಕಾಯುಕ್ತಕ್ಕೆ ಕೊಡಬೇಕಿತ್ತು, ಇನ್ನು ವಿಳಂಬಕ್ಕೆ ತಕ್ಕ ಕಾರಣವನ್ನು ತೋರಿಸಬೇಕಾಗುತ್ತದೆ ಎಂದರು. ಕಚೇರಿಯ ವಿಳಂಬಕ್ಕೆ ಕಾರಣ ಕೇಳಲು ಹೊರಟವನೇ ತನ್ನ ವಿಳಂಬಕ್ಕೆ ಕಾರಣ ಬರೆಯಬೇಕಾಯಿತು.

ವಾಸ್ತವವಾಗಿ ಈ ಸಂಸ್ಥೆ ಹುಟ್ಟಿದ್ದೇ ಇಂಥ ತಾಪತ್ರಯಗಳಿಗಾಗಿ. ಆಡಳಿತದ ತಪ್ಪುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿಯ ಹುದ್ದೆಯನ್ನು ಸ್ವೀಡನ್ ದೇಶ 1809ರಲ್ಲಿಯೇ ಸ್ಥಾಪಿಸಿತ್ತು. ನಮ್ಮಲ್ಲಿ ಮೊರಾರ್ಜಿ ದೇಸಾಯಿ ನೇತೃತ್ವದ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ಲೋಕಪಾಲ ಮತ್ತು ಲೋಕಾಯುಕ್ತರು ಬೇಕೆಂದು ಶಿಫಾರಸು ಮಾಡಿದ ವರದಿಯ ವಿಷಯವೇ ನಾಗರಿಕರ ಕುಂದುಕೊರತೆಗಳ ನಿವಾರಣೆ. ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ ಬಂದ, 1986ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984 ಭ್ರಷ್ಟಾಚಾರದಂಥ ಆಪಾದನೆಯನ್ನೂ ದುರಾಡಳಿತದಿಂದಾಗುವ ಕುಂದುಕೊರತೆಯನ್ನೂ ಬೇರೆಬೇರೆಯಾಗಿ ಗುರುತಿಸಿ, ಅತಿಯಾದ ವಿಳಂಬವನ್ನು ದುರಾಡಳಿತದೊಳಗೇ ಸೇರಿಸಿದೆ.

ಆದರೆ ಲೋಕಾಯುಕ್ತರು 2011ರಲ್ಲಿ ಕೊಟ್ಟ ಅಕ್ರಮ ಗಣಿಗಾರಿಕೆ ವರದಿಯ ಬಳಿಕ ಚರ್ಚೆಯೆಲ್ಲ ದೊಡ್ಡವರ ಹಗರಣಗಳತ್ತಲೇ ವಾಲಿತು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರಚಿಸಿ ಭ್ರಷ್ಟಾಚಾರದ ತನಿಖೆಯನ್ನು ಅದಕ್ಕೆ ಒಪ್ಪಿಸಿದಾಗ ಲೋಕಾಯುಕ್ತ ಹಲ್ಲು ಕಿತ್ತ ಹಾವಾಯಿತೆಂದು ಎಲ್ಲರೂ ಮರುಗಿದೆವು; 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಪಡಿಸಿದಾಗ ಸಮಾಧಾನಪಟ್ಟೆವು. ಆ ಆರು ವರ್ಷಗಳಲ್ಲಿಯೂ ಕುಂದುಕೊರತೆ ವಿಚಾರಿಸುವ ಅಧಿಕಾರ ಎಲ್ಲಿಗೂ ಹೋಗಿರಲಿಲ್ಲ ಎಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಲೋಕಾಯುಕ್ತರು ಶಿಫಾರಸು ಮಾಡಬಲ್ಲರೇ ಹೊರತು ಆಜ್ಞೆ ಮಾಡಲಾರರು, ನಿಜ. ಆದರೂ ಕೈಗೊಂಡ ಕ್ರಮವನ್ನು ಸಂಬಂಧಪಟ್ಟವರು ತಿಳಿಸಲೇಬೇಕು. ಅದು ತೃಪ್ತಿಕರವಾಗಿರದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಹೋಗಿ, ವಿಧಾನಮಂಡಲದ ಮುಂದೆ ಬರಬಹುದು. ಕಡತ ಕಳೆದುಕೊಂಡ ಗುಮಾಸ್ತನನ್ನು ಎಚ್ಚರಿಸಲು ಇಷ್ಟು ಸಾಕೆಂದೇ ನನ್ನ ಅನಿಸಿಕೆ.

ಸರ್ಕಾರಿ ಸೇವೆಗಳನ್ನು ನಿಗದಿತ ದಿನಗಳೊಳಗೆ ಕೊಡಬೇಕೆನ್ನುವ ಸಕಾಲ ಯೋಜನೆಯನ್ನು 2012ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ನಾಲ್ಕು ತಾಲ್ಲೂಕುಗಳಲ್ಲಿ ನೆರೆಯ ಧಾರವಾಡವೂ ಒಂದು. ಯಾವ ಸೇವೆಗೆ ಎಷ್ಟು ದಿನ ಎಂಬ ಫಲಕ ಇಂದು ಕಚೇರಿಗಳಲ್ಲಿ ಕಾಣುತ್ತದೆ. ಅದರ ಪಕ್ಕದಲ್ಲೇ ಲೋಕಾಯುಕ್ತಕ್ಕೆ ದೂರು ಕೊಡುವ ಗಡುವು ಮತ್ತು ವಿಳಾಸವನ್ನು ಬರೆಯಿಸಿ, ದೂರಿನ ನಮೂನೆಯನ್ನೂ ಅದರ ಜೊತೆಗಿನ ಪ್ರಮಾಣಪತ್ರದ (ಅಫಿಡವಿಟ್) ನಮೂನೆಯನ್ನೂ ನಾಡಕಚೇರಿಗಳಲ್ಲಿ ಇಡಿಸುವುದು ಜಿಲ್ಲಾಡಳಿತಕ್ಕೆ ಕಷ್ಟವಾಗಲಾರದು. ಲೋಕಾಯುಕ್ತ ಅಧಿಕಾರಿಗಳು ತಾಲ್ಲೂಕು ಕೇಂದ್ರಗಳಿಗೆ ಬಂದು ಅಹವಾಲು ಕೇಳುವ ದಿನಾಂಕವನ್ನು ಪತ್ರಿಕೆಯ ಮೂಲೆಯಲ್ಲಿ ಪ್ರಕಟಿಸಿ ಸುಮ್ಮನಾಗದೆ, ಪಂಚಾಯಿತಿಗಳ ಮೂಲಕ ಒಂದು ವಾರ ಮೊದಲೇ ಊರೂರಲ್ಲಿ ಡಂಗುರ ಸಾರಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಶಿಕ್ಷಕ
ರೋಣ, ಗದಗ ಜಿಲ್ಲೆ